ವೀಸಾ ಬಂದಿಲ್ಲ, ಸೆಮಿಸ್ಟರ್ ಶುರುವಾಗುತ್ತಿದೆ: ಈಗ ಮಾಡಬೇಕಾದ್ದೇನು?

ಪ್ರಶ್ನೆ: ನಮ್ಮದು ಚನ್ನಗಿರಿ ತಾಲ್ಲೂಕು, ಅಡಿಕೆ ತೋಟ ಇದೆ. ಮಕ್ಕಳ ಓದಿಗೆ ಅಂತ ದಾವಣಗೆರೆ ವಿದ್ಯಾನಗರದಲ್ಲಿ ಮನೆ ಮಾಡಿಕೊಂಡಿದ್ದೇವೆ. ದೊಡ್ಡ ಮಗಳು ಇಲ್ಲೇ ಮೆಕ್ಯಾನಿಕಲ್ ಬಿಇ ಮುಗಿಸಿ ಎರಡು ವರ್ಷ ಬೆಂಗಳೂರಲ್ಲಿ ಕೆಲಸ ಮಾಡಿದಳು. ಈಗ ಜರ್ಮನಿಯ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಸೀಟು ಸಿಕ್ಕಿದೆ. ಜುಲೈ 14ಕ್ಕೆ ಬೆಂಗಳೂರಿನ ವೀಸಾ ಕೇಂದ್ರದಲ್ಲಿ ದಾಖಲೆ, ಬೆರಳಚ್ಚು ಕೊಟ್ಟು ಬಂದಳು. ಇವತ್ತು ಸೆಪ್ಟೆಂಬರ್ 18. ಹೌದು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ. ಅಕ್ಟೋಬರ್ 13ಕ್ಕೆ ಕ್ಲಾಸು ಶುರು. ತೋಟ ಬೇಡ ಅಂದರು ಅಂತ ಮನೆ ಅಡವಿಟ್ಟು ಏಪ್ರಿಲ್‌ನಲ್ಲಿ ಬ್ಯಾಂಕ್ ಸಾಲ ಮಂಜೂರು ಮಾಡಿಸಿದ್ದೇವೆ. ಅದರಲ್ಲೇ 11,904 ಯೂರೊ ಬ್ಲಾಕ್ಡ್ ಅಕೌಂಟಿಗೆ (ಅಲ್ಲಿನ ಒಂದು ವರ್ಷದ ಖರ್ಚನ್ನು ಮೊದಲೇ ಇಟ್ಟು ತೋರಿಸುವ ಖಾತೆ) ಹೋಗಿದೆ, ಬಡ್ಡಿ ಓಡುತ್ತಿದೆ. ಕನ್ಸಲ್ಟೆನ್ಸಿಯವರು 40,000 ರೂಪಾಯಿ ಕೊಟ್ಟರೆ ಒಳಗಿನಿಂದ ಫೈಲ್ ಮುಂದಕ್ಕೆ ಕಳಿಸ್ತೀವಿ ಅನ್ನುತ್ತಾರೆ. ನನ್ನ ಭಾವಮೈದ, ಟೂರಿಸ್ಟ್ ವೀಸಾದಲ್ಲಿ ಕಳಿಸಿಬಿಡಿ, ಅಲ್ಲಿ ಹೋಗಿ ಬದಲಾಯಿಸಬಹುದು ಅನ್ನುತ್ತಾರೆ. ಮಗಳು ಕೆಲಸ ಬಿಟ್ಟಾಗಿದೆ. ನೆಂಟರನ್ನು ಕರೆದು ಬೀಳ್ಕೊಡುಗೆ ಊಟವನ್ನೂ ಹಾಕಿಸಿಬಿಟ್ಟೆವು. ಈಗ ‘ಯಾವಾಗ ಹೊರಡೋದು’ ಅಂತ ಕೇಳುವವರಿಗೆ ಹೆದರಿ ಅವಳು ಹೊರಗೇ ಬರುತ್ತಿಲ್ಲ. ಅರ್ಜಿ ವಾಪಸ್ ತೆಗೆದು ಹೊಸದಾಗಿ ಹಾಕೋದಾ? ಕಾಯೋದಾ?

ಉತ್ತರ: ಅರ್ಜಿ ವಾಪಸ್ ತೆಗೆಯಬೇಡಿ. 40,000 ಕೊಡಬೇಡಿ. ಟೂರಿಸ್ಟ್ ವೀಸಾದ ಮಾತು ಇಲ್ಲಿಗೇ ಬಿಡಿ. ಈ ವಾರ ಆಗಬೇಕಾದ್ದು ಎರಡು ಕೆಲಸ: ವಿಶ್ವವಿದ್ಯಾಲಯಕ್ಕೆ ಮಗಳು ಬರೆಯಬೇಕಾದ ಒಂದು ಮೇಲ್, ಬ್ಯಾಂಕಿಗೆ ನೀವು ಕೊಡಬೇಕಾದ ಒಂದು ಅರ್ಜಿ. ವೀಸಾ ಎಂದು ಬರುತ್ತದೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಅದರ ಹಿಂದೆ ಮುಂದೆ ಇರುವ ಗಡುವುಗಳು ಅರ್ಧಕ್ಕರ್ಧ ನಿಮ್ಮ ಕೈಯಲ್ಲೇ ಇವೆ. ವೀಸಾದ ದಾರಿ ನೋಡುತ್ತ ಕೂತು ಆ ಗಡುವುಗಳನ್ನು ಕೈಬಿಟ್ಟವರೇ ಹೆಚ್ಚು ನಷ್ಟ ಮಾಡಿಕೊಳ್ಳುವುದು.

ಒಂಬತ್ತು ವಾರ ಸುದ್ದಿ ಇಲ್ಲ ಅಂದರೆ ತಿರಸ್ಕಾರ ಎಂದೇ ನೀವು ಅಂದುಕೊಂಡಂತಿದೆ. ಹಾಗೇನಿಲ್ಲ. ತಿರಸ್ಕಾರಕ್ಕೂ ಯಾರಾದರೂ ಕಡತ ಓದಬೇಕು, ಕಾರಣ ಬರೆಯಬೇಕು. ಮೌನ ಅಂದರೆ ಬಹುಪಾಲು ಕಡತ ಇನ್ನೂ ಸರದಿಯಲ್ಲಿದೆ, ಇಲ್ಲವೇ ಬೇರೆ ಕಚೇರಿಯ ಅಭಿಪ್ರಾಯಕ್ಕೆ ಹೋಗಿದೆ ಎಂದರ್ಥ. ಮಗಳು ಬೆರಳಚ್ಚು ಕೊಟ್ಟ ಕೇಂದ್ರ ಖಾಸಗಿ ಸಂಸ್ಥೆಯದು. ಅವರ ಕೆಲಸ ದಾಖಲೆ ತೆಗೆದುಕೊಂಡು ಕಾನ್ಸುಲೇಟಿಗೆ ತಲುಪಿಸುವುದು, ಅಷ್ಟೇ. ನಿರ್ಧಾರ ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನದು. ಅದಕ್ಕೆ ಕರ್ನಾಟಕದ ಜೊತೆ ಕೇರಳವೂ ಸೇರಿದೆ. ಕೇರಳದಿಂದ ಜರ್ಮನಿಗೆ ಹೊರಡುವ ವಿದ್ಯಾರ್ಥಿಗಳು, ನರ್ಸ್‌ಗಳು ಎಷ್ಟು ಮಂದಿ ಎನ್ನುವುದು ನಿಮಗೂ ಗೊತ್ತಿರಬಹುದು. ಅಕ್ಟೋಬರ್ ಸೆಮಿಸ್ಟರಿನ ಪ್ರವೇಶ ಪತ್ರಗಳು ಮೇ, ಜೂನ್, ಜುಲೈನಲ್ಲಿ ಬರುತ್ತವೆ. ಹಾಗಾಗಿ ಎಲ್ಲರ ಅರ್ಜಿಯೂ ಒಂದೇ ಸಮಯಕ್ಕೆ ಬಂದು ಬೀಳುತ್ತದೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ನಮ್ಮ ಎಪಿಎಂಸಿ ಗೇಟಿನ ಮುಂದೆ ಟ್ರ್ಯಾಕ್ಟರ್ ಸಾಲು ನಿಲ್ಲುವುದಿಲ್ಲವೇ, ಅದೇ ಲೆಕ್ಕ. ನಿಮ್ಮ ಮಾಲು ಎಷ್ಟೇ ಚೆನ್ನಾಗಿದ್ದರೂ ತೂಕದ ಸರದಿ ಬರುವ ತನಕ ನಿಲ್ಲಲೇಬೇಕು.

ಕಾನ್ಸುಲೇಟಿನಲ್ಲಿ ಕಡತ ತೆರೆದ ಮೇಲೂ ಎರಡು ಕಡೆ ತಡವಾಗಬಹುದು. ಒಂದು, ಜರ್ಮನಿಯ ಕೇಂದ್ರ ದತ್ತಾಂಶದಲ್ಲಿ ನಡೆಯುವ ಭದ್ರತಾ ತಪಾಸಣೆ. ಇನ್ನೊಂದು, ವಿಶ್ವವಿದ್ಯಾಲಯ ಇರುವ ಊರಿನ ವಿದೇಶಿಯರ ಕಚೇರಿ. ಅಲ್ಲಿಂದ ಒಪ್ಪಿಗೆ ಕೇಳಿದ್ದರೆ, ಆ ಊರಿನ ಕಚೇರಿಯಲ್ಲಿ ಎಷ್ಟು ಜನ ಸಿಬ್ಬಂದಿ ಇದ್ದಾರೆ ಎನ್ನುವುದರ ಮೇಲೆ ನಿಮ್ಮ ಮಗಳ ಪಾಳಿ ನಿಂತಿರುತ್ತದೆ. ಜೊತೆಗೇ ಅರ್ಜಿ ಹಾಕಿದ ಗೆಳತಿಗೆ ಆರು ವಾರಕ್ಕೆ ಬಂತು, ಇವಳಿಗೆ ಬಂದಿಲ್ಲ ಎನ್ನುವುದಕ್ಕೆ ಬಹಳ ಸಲ ಇದೇ ಕಾರಣ. ಹೋಲಿಸಿ ನೋಡಿ ಏನೂ ಪ್ರಯೋಜನವಿಲ್ಲ.

2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್, ಅಂದರೆ ಓದಿನ ದಾಖಲೆಗಳನ್ನು ಪರಿಶೀಲಿಸಿ ಕೊಡುವ ಪ್ರಮಾಣಪತ್ರ ಕಡ್ಡಾಯ. ಅದು ಆಗಿದ್ದರೆ ಪದವಿ, ಅಂಕಪಟ್ಟಿ ಅಸಲಿಯೇ ಎನ್ನುವ ಪ್ರಶ್ನೆ ಮುಗಿದಂತೆ. ಹಾಗಂತ ಎಪಿಎಸ್ ಬಂದರೆ ವೀಸಾ ಗ್ಯಾರಂಟಿ ಎನ್ನುವ ಮಾತು ಸುಳ್ಳು. ಹಣ, ಓದಿನ ಉದ್ದೇಶ, ವಿಮೆ ಇವನ್ನೆಲ್ಲ ಕಾನ್ಸುಲೇಟ್ ತಾನೇ ನೋಡುತ್ತದೆ.

ಮೊದಲು ನೋಡಬೇಕಾದ್ದು: ಅರ್ಜಿಯಲ್ಲಿ ಯಾರ ಇಮೇಲ್ ಇದೆ?

ಇದನ್ನು ಇವತ್ತೇ ನೋಡಿ. ಕನ್ಸಲ್ಟೆನ್ಸಿ ಮೂಲಕ ಹೋದ ಅರ್ಜಿಗಳಲ್ಲಿ ಅವರದೇ ಇಮೇಲ್, ಅವರದೇ ಮೊಬೈಲ್ ನಂಬರ್ ಬರೆದಿರುವುದು ಬಹಳ ಸಾಮಾನ್ಯ. ಆನ್‌ಲೈನ್ ಪೋರ್ಟಲ್‌ನ ಲಾಗಿನ್ ಕೂಡ ಅವರ ಬಳಿಯೇ ಇರುತ್ತದೆ. ಕಾನ್ಸುಲೇಟ್ ಒಂದು ದಾಖಲೆ ಕೇಳಿ, ಇಂತಿಷ್ಟು ದಿನದೊಳಗೆ ಕೊಡಿ ಎಂದು ಬರೆದರೆ ಅದು ಹೋಗುವುದು ಆ ವಿಳಾಸಕ್ಕೆ. ಅಲ್ಲಿ ನೂರಾರು ಮಕ್ಕಳ ಮೇಲ್‌ಗಳ ನಡುವೆ ಅದು ಕೂತಿರುತ್ತದೆ, ನೀವು ಇಲ್ಲಿ ಸುದ್ದಿಯೇ ಇಲ್ಲ ಎಂದು ಕೊರಗುತ್ತೀರಿ. ಗಡುವು ಮೀರಿದರೆ ಇರುವ ದಾಖಲೆಯ ಮೇಲೇ ತೀರ್ಮಾನ ಮಾಡುತ್ತಾರೆ.

ಆದ್ದರಿಂದ ಸಲ್ಲಿಸಿದ ಅರ್ಜಿಯ ಪೂರ್ತಿ ಪಿಡಿಎಫ್, ಲಗತ್ತಿಸಿದ ಪ್ರತಿಯೊಂದು ದಾಖಲೆಯ ಪ್ರತಿ, ಲಾಗಿನ್ ಮತ್ತು ಪಾಸ್‌ವರ್ಡ್ ಮೂರನ್ನೂ ಕೇಳಿ ತೆಗೆದುಕೊಳ್ಳಿ. ಕೊಡುವುದಿಲ್ಲ ಎನ್ನಲು ಅವರಿಗೆ ಹಕ್ಕಿಲ್ಲ, ಅರ್ಜಿ ನಿಮ್ಮ ಮಗಳದು. ಸಂಪರ್ಕ ವಿಳಾಸ ಅವರದೇ ಆಗಿದ್ದರೆ ಅದನ್ನು ಬದಲಿಸಿಕೊಳ್ಳಲು ಕಾನ್ಸುಲೇಟಿಗೆ ಮಗಳೇ ಬರೆಯಲಿ. ಅವಳದೇ ಇಮೇಲ್ ಇದ್ದರೆ ಸ್ಪ್ಯಾಮ್ ಫೋಲ್ಡರ್ ಒಮ್ಮೆ ನೋಡಲಿ, ಜುಲೈ 14ರಿಂದ ಈಚೆಗೆ.

ಪಿಡಿಎಫ್ ಕೈಗೆ ಬಂದ ಮೇಲೆ ಹೆಸರು ನೋಡಿ. ನಮ್ಮ ಕಡೆಯ ಮಕ್ಕಳಿಗೆ ಇದೊಂದು ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಕಾವ್ಯ ಬಿ.ಎಂ.’ ಎಂದಿರುತ್ತದೆ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ಬಿಡಿಸಿ ಊರಿನ ಹೆಸರು, ಅಪ್ಪನ ಹೆಸರು ಸೇರಿಸಿರುತ್ತಾರೆ, ಇಲ್ಲವೇ ಸರ್‌ನೇಮ್ ಜಾಗ ಖಾಲಿ ಬಿಟ್ಟಿರುತ್ತಾರೆ. ವಿಶ್ವವಿದ್ಯಾಲಯದ ಆನ್‌ಲೈನ್ ಅರ್ಜಿ ಸರ್‌ನೇಮ್ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ. ಆಗ ಮಕ್ಕಳು ಅದೇ ಹೆಸರನ್ನು ಎರಡು ಸಲ ಬರೆದುಬಿಡುತ್ತಾರೆ. ಪ್ರವೇಶ ಪತ್ರದಲ್ಲಿ ‘ಕಾವ್ಯ ಕಾವ್ಯ’, ಬ್ಲಾಕ್ಡ್ ಅಕೌಂಟಿನ ದೃಢೀಕರಣದಲ್ಲಿ ಮತ್ತೊಂದು. ಮೂರು ದಾಖಲೆ, ಮೂರು ಹೆಸರು. ಅಧಿಕಾರಿ ಇದನ್ನು ಕಂಡು ಕಡತವನ್ನು ಪಕ್ಕಕ್ಕಿಟ್ಟರೆ ಅಚ್ಚರಿ ಇಲ್ಲ.

ಹೀಗಾಗಿದ್ದರೆ ಸರಿ ಮಾಡಬೇಕಾದ್ದು ಪ್ರವೇಶ ಪತ್ರ ಮತ್ತು ಬ್ಯಾಂಕ್ ದೃಢೀಕರಣ. ಎರಡನ್ನೂ ಪಾಸ್‌ಪೋರ್ಟಿನಲ್ಲಿ ಇದ್ದಂತೆ ಅಕ್ಷರಶಃ ತಿದ್ದಿಕೊಡಿ ಎಂದು ಕೇಳಬಹುದು. ಹಳೆಯ ಅಂಕಪಟ್ಟಿಗಳಿಗೆ ಇಬ್ಬರೂ ಒಬ್ಬರೇ ಎನ್ನುವ ಅಫಿಡವಿಟ್ ಇಂಗ್ಲಿಷಿನಲ್ಲಿ, ಛಾಪಾ ಕಾಗದದ ಮೇಲೆ, ನೋಟರಿ ಮುಂದೆ ಮಾಡಿಸಿ ಇಟ್ಟುಕೊಳ್ಳಿ. ಪಾಸ್‌ಪೋರ್ಟ್ ಬದಲಿಸಲು ಮಾತ್ರ ಈಗ ಹೋಗಬೇಡಿ. ಹೊಸ ಪಾಸ್‌ಪೋರ್ಟಿಗೆ ಹೊಸ ನಂಬರ್ ಬರುತ್ತದೆ. ಆಗ ವೀಸಾ ಅರ್ಜಿ, ಬ್ಲಾಕ್ಡ್ ಅಕೌಂಟ್, ವಿಮೆ, ಎಲ್ಲವೂ ಹಳೆ ನಂಬರಿನಲ್ಲಿ ಉಳಿದು ಗೋಜಲು ಇಮ್ಮಡಿಯಾಗುತ್ತದೆ.

ಎಲ್ಲ ಸರಿ ಇದ್ದರೆ ಕಾನ್ಸುಲೇಟಿಗೆ ಒಂದೇ ಒಂದು ವಿಚಾರಣೆ ಮೇಲ್ ಸಾಕು. ಅದರಲ್ಲಿ ಅರ್ಜಿಯ ಉಲ್ಲೇಖ ಸಂಖ್ಯೆ, ಪಾಸ್‌ಪೋರ್ಟ್ ನಂಬರ್, ಪಾಸ್‌ಪೋರ್ಟಿನಲ್ಲಿರುವಂತೆ ಪೂರ್ತಿ ಹೆಸರು, ಹುಟ್ಟಿದ ದಿನ, ಬೆರಳಚ್ಚು ಕೊಟ್ಟ ದಿನ, ವಿಶ್ವವಿದ್ಯಾಲಯ, ನೋಂದಣಿಯ ಕೊನೆಯ ದಿನ ಇರಲಿ. ಕಥೆ, ಕಷ್ಟ, ಬೇಡಿಕೆ ಬೇಡ. ದಿನಕ್ಕೊಂದು ಮೇಲ್ ಕಳಿಸಿದರೆ ಸಿಟ್ಟಾಗಿ ತಿರಸ್ಕರಿಸುತ್ತಾರೆ ಎನ್ನುವುದೂ ಸುಳ್ಳು, ಬೇಗ ಕೊಡುತ್ತಾರೆ ಎನ್ನುವುದೂ ಸುಳ್ಳು. ಉತ್ತರಿಸಬೇಕಾದ ಮೇಲ್‌ಗಳ ರಾಶಿ ಮಾತ್ರ ಬೆಳೆಯುತ್ತದೆ. ಕೇಳದ ದಾಖಲೆಗಳನ್ನೂ ಕಳಿಸಬೇಡಿ. ಬ್ಲಾಕ್ಡ್ ಅಕೌಂಟಿನಲ್ಲಿ ಪೂರ್ತಿ ಹಣ ಇರುವಾಗ ಪಹಣಿ, ತೋಟದ ಮೌಲ್ಯಮಾಪನ, ಅಡಿಕೆ ಮಾರಿದ ಬಿಲ್ಲುಗಳನ್ನೆಲ್ಲ ಕಳಿಸಿದರೆ ಇಲ್ಲದ ಪ್ರಶ್ನೆ ಹುಟ್ಟುತ್ತದೆಯೇ ಹೊರತು ಬಲ ಬರುವುದಿಲ್ಲ.

40,000 ಮತ್ತು ಟೂರಿಸ್ಟ್ ವೀಸಾ

‘ಒಳಗಿನಿಂದ’ ಎನ್ನುವುದು ಈ ವ್ಯವಸ್ಥೆಯಲ್ಲಿ ಇಲ್ಲ. ವೀಸಾ ಕೇಂದ್ರದ ಸಿಬ್ಬಂದಿಗೆ ನಿರ್ಧಾರದಲ್ಲಿ ಪಾತ್ರವಿಲ್ಲ. ಅಲ್ಲಿ ಸಿಗುವ ಪ್ರೀಮಿಯಂ ಲೌಂಜಿನಂಥ ಸೇವೆಗೆ ಕೊಡುವ ಹಣ ನೆರಳಲ್ಲಿ ಕೂರುವುದಕ್ಕೆ, ಕಡತ ಓಡಿಸುವುದಕ್ಕಲ್ಲ. ಹೀಗೆ ಹಣ ಕೇಳುವವರ ಲೆಕ್ಕಾಚಾರ ಸರಳ: ಒಂಬತ್ತು ವಾರ ಆಗಿದೆ, ಇನ್ನು ಎರಡು ಮೂರು ವಾರದಲ್ಲಿ ವೀಸಾ ತಾನಾಗೇ ಬರುವ ಸಾಧ್ಯತೆ ಇದೆ. ಬಂದರೆ ನಾವೇ ಮಾಡಿಸಿದ್ದು, ಬರದಿದ್ದರೆ ‘ಪ್ರಯತ್ನ ಪಟ್ವಿ ಸಾರ್’. ಇದಕ್ಕಿಂತ ಅಪಾಯದ ಜನ ಇದ್ದಾರೆ. ಅವರು ತುರ್ತು ತೋರಿಸಲು ನಕಲಿ ಪತ್ರ ಸೇರಿಸಿಬಿಡುತ್ತಾರೆ. ಅದು ಸಿಕ್ಕಿಬಿದ್ದರೆ ಹೊಣೆ ಮಗಳದ್ದೇ, ಮುಂದಿನ ಅರ್ಜಿಗಳಿಗೂ ಆ ಕಪ್ಪು ಚುಕ್ಕೆ ಹಿಂಬಾಲಿಸುತ್ತದೆ. ಸಂಸದರ ಪತ್ರ, ಶಾಸಕರ ಫೋನು ಎಂದು ಓಡಾಡುವುದೂ ವ್ಯರ್ಥ. ಬೇರೆ ದೇಶದ ಕಚೇರಿಗೆ ಅದು ಲೆಕ್ಕಕ್ಕಿಲ್ಲ.

ಟೂರಿಸ್ಟ್ ವೀಸಾದ ಮಾತಿಗೆ ಒಂದು ಮೂಲ ಇದೆ. ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ಜಪಾನ್, ದಕ್ಷಿಣ ಕೊರಿಯಾದಂಥ ಕೆಲವು ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಜರ್ಮನಿಗೆ ಹೋಗಿ, ಅಲ್ಲೇ ಓದಿನ ವಾಸ ಪರವಾನಗಿಗೆ ಅರ್ಜಿ ಹಾಕಬಹುದು. ಆ ದೇಶದವರು ಮಾಡಿದ ವಿಡಿಯೊ ನೋಡಿ ನಮ್ಮವರಿಗೂ ಆಗುತ್ತದೆ ಅಂದುಕೊಳ್ಳುತ್ತಾರೆ. ಭಾರತದ ಪ್ರಜೆಗೆ ಈ ಸೌಲಭ್ಯ ಇಲ್ಲ. ಓದಲು ಹೋಗುವವರು ಹೊರಡುವ ಮೊದಲೇ ರಾಷ್ಟ್ರೀಯ ವೀಸಾ, ಅಂದರೆ ದೀರ್ಘಾವಧಿ ವಾಸದ ವೀಸಾ ಪಡೆದಿರಬೇಕು. ಟೂರಿಸ್ಟ್ ವೀಸಾದಲ್ಲಿ ಹೋದರೆ ಗರಿಷ್ಠ 90 ದಿನ, ಆಮೇಲೆ ವಾಪಸ್. ಅದೂ ಅಲ್ಲದೆ, ಒಂದು ಅರ್ಜಿಯಲ್ಲಿ ಓದಲು ಎಂದು, ಇನ್ನೊಂದರಲ್ಲಿ ಸುತ್ತಾಡಲು ಎಂದು ಅದೇ ದೇಶಕ್ಕೆ ಏಕಕಾಲಕ್ಕೆ ಹೇಳಿದರೆ ಎರಡನ್ನೂ ಅವರು ಅನುಮಾನದಿಂದ ನೋಡುತ್ತಾರೆ.

ವಿಶ್ವವಿದ್ಯಾಲಯಕ್ಕೆ ಏನು ಬರೆಯಬೇಕು

ಅಕ್ಟೋಬರ್ 13 ತರಗತಿ ಶುರುವಾಗುವ ದಿನ. ನಿಮಗೆ ಅದಕ್ಕಿಂತ ಮುಖ್ಯವಾದ ತಾರೀಖು ನೋಂದಣಿಯ ಕೊನೆಯ ದಿನ. ಅದು ಪ್ರವೇಶ ಪತ್ರದ ಒಳಪುಟದಲ್ಲಿ ಇರುತ್ತದೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಆ ದಿನದೊಳಗೆ ನೋಂದಣಿ ಆಗದಿದ್ದರೆ ಸೀಟು ಸಾಮಾನ್ಯವಾಗಿ ತಾನಾಗಿ ರದ್ದಾಗುತ್ತದೆ. ಅಮೆರಿಕದಲ್ಲಿ ಮಾಡುವಂತೆ ಮುಂದಿನ ಸೆಮಿಸ್ಟರಿಗೆ ದೂಡುವ ಪದ್ಧತಿ ಇಲ್ಲಿ ಕಡಿಮೆ. ಹೆಚ್ಚಿನ ಕಡೆ ಮತ್ತೆ ಅರ್ಜಿ ಹಾಕಬೇಕು.

ಹಾಗಾಗಿ ಅಂತರರಾಷ್ಟ್ರೀಯ ವಿಭಾಗಕ್ಕೂ, ಪ್ರವೇಶ ಕಚೇರಿಗೂ, ಕೋರ್ಸಿನ ಸಂಯೋಜಕರಿಗೂ ಒಂದೇ ಮೇಲ್ ಹೋಗಲಿ. ಬೆರಳಚ್ಚು ಕೊಟ್ಟ ದಿನದ ರಸೀದಿ ಲಗತ್ತಿಸಲಿ, ಪ್ರವೇಶ ಪತ್ರದ ಸಂಖ್ಯೆ ವಿಷಯದ ಸಾಲಿನಲ್ಲೇ ಇರಲಿ. ಕೇಳಬೇಕಾದ್ದು ನಾಲ್ಕು. ವೀಸಾ ಬಾಕಿ ಇರುವವರಿಗೆ ನೋಂದಣಿ ಗಡುವು ವಿಸ್ತರಿಸುತ್ತೀರಾ, ಎಲ್ಲಿಯ ತನಕ? ಭಾರತದಲ್ಲಿದ್ದುಕೊಂಡೇ ಆನ್‌ಲೈನ್ ನೋಂದಣಿ ಸಾಧ್ಯವೇ, ಮೂಲ ದಾಖಲೆ ಆಮೇಲೆ ತೋರಿಸಬಹುದೇ? ಮೊದಲ ವಾರಗಳಲ್ಲಿ ಹಾಜರಿ ಕಡ್ಡಾಯ ಇರುವ ಲ್ಯಾಬ್, ಸೆಮಿನಾರ್ ಯಾವುವು? ಬರಲಾಗದಿದ್ದರೆ ಏಪ್ರಿಲ್ ಸೆಮಿಸ್ಟರಿನಲ್ಲಿ ಈ ಕೋರ್ಸಿಗೆ ಪ್ರವೇಶ ಇದೆಯೇ, ಅಥವಾ ಮುಂದಿನ ಅಕ್ಟೋಬರ್ ಒಂದೇ ದಾರಿಯೇ? ಉತ್ತರ ಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಯಾರೋ ಪರವಾಗಿಲ್ಲ ಬನ್ನಿ ಅಂದರು ಎನ್ನುವುದನ್ನು ಗಡಿಯಲ್ಲಿ ತೋರಿಸಲಾಗುವುದಿಲ್ಲ.

ಗಡುವು ವಿಸ್ತರಿಸಿದ ಪತ್ರ ಸಿಕ್ಕರೆ ಅದನ್ನು ಕಾನ್ಸುಲೇಟಿಗೂ ಕಳಿಸಿ. ಇದು ಅವರಿಗೆ ನಿಜವಾಗಿ ಬೇಕಾದ ದಾಖಲೆ. ಏಕೆಂದರೆ ಸೀಟೇ ಮುಗಿದುಹೋದ ಮೇಲೆ ವೀಸಾ ಕೊಡಲು ಅವರಿಗೆ ಆಧಾರ ಉಳಿಯುವುದಿಲ್ಲ.

ಎಷ್ಟು ತಡವಾಗಿ ಹೋದರೆ ನಡೆಯುತ್ತದೆ? ನನ್ನ ಅಂದಾಜು ಹೇಳುತ್ತೇನೆ. ಮೆಕ್ಯಾನಿಕಲ್ ಎಂಎಸ್ಸಿಯಲ್ಲಿ ಮೊದಲ ಸೆಮಿಸ್ಟರಿನ ಪಾಠಗಳ ಸ್ಲೈಡು, ಕೆಲವು ಕಡೆ ವಿಡಿಯೊ ಕೂಡ ಆನ್‌ಲೈನ್ ಸಿಗುತ್ತವೆ, ಪರೀಕ್ಷೆ ಬಹುತೇಕ ಸೆಮಿಸ್ಟರಿನ ಕೊನೆಗೆ, ಫೆಬ್ರುವರಿ ಸುಮಾರಿಗೆ. ಎರಡು ಮೂರು ವಾರ ತಡವಾದರೆ ಹುಡುಗಿ ಹಿಡಿದುಕೊಳ್ಳುತ್ತಾಳೆ. ನವೆಂಬರ್ ಮಧ್ಯ ದಾಟಿದರೆ ಲ್ಯಾಬ್ ಗುಂಪುಗಳು ಹಂಚಿಕೆಯಾಗಿ, ಪ್ರಾಜೆಕ್ಟ್ ಜೊತೆಗಾರರು ಆಯ್ಕೆಯಾಗಿ, ಹೊಸ ಊರಿನಲ್ಲಿ ಚಳಿಗಾಲದ ನಡುವೆ ಮನೆ ಹುಡುಕುವ ಪಾಡೂ ಸೇರಿ ಆ ಸೆಮಿಸ್ಟರ್ ಬರಿಯ ಹೆಸರಿಗೆ ಉಳಿಯುತ್ತದೆ. ಅಂಥ ಸಂದರ್ಭದಲ್ಲಿ ವಿಶ್ವವಿದ್ಯಾಲಯ ಬಾ ಎಂದರೂ, ಮುಂದಿನ ಪ್ರವೇಶಕ್ಕೆ ದೂಡುವ ದಾರಿ ಲಿಖಿತವಾಗಿ ಇದ್ದರೆ ನಾನು ಅದನ್ನೇ ಆರಿಸಿಕೊಳ್ಳಿ ಎನ್ನುತ್ತೇನೆ. ದೂಡುವ ದಾರಿ ಇಲ್ಲ, ಸೀಟು ಹೋದರೆ ಮತ್ತೆ ಪೈಪೋಟಿ ಎಂದಾದರೆ ಕಷ್ಟಪಟ್ಟಾದರೂ ಹೋಗುವುದು ಮೇಲು.

ವಾಪಸ್ ತೆಗೆದು ಹೊಸದಾಗಿ ಹಾಕುವುದರ ಬಗ್ಗೆ ಕೇಳಿದ್ದೀರಿ. ಹಾಗೆ ಮಾಡಿದರೆ 75 ಯೂರೊ ಶುಲ್ಕ ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಎಂದರೆ ಒಂಬತ್ತು ವಾರದ ಸರದಿ ಸೊನ್ನೆಗೆ ಬರುವುದು. ಸೀಟು ಪೂರ್ತಿ ರದ್ದಾಗಿದ್ದರೆ, ಅಥವಾ ಅರ್ಜಿಯ ಬುಡದಲ್ಲೇ ತಪ್ಪಿದ್ದರೆ ಮಾತ್ರ ಆ ಯೋಚನೆ. ಇನ್ನು ಕೋರ್ಟಿನ ದಾರಿ. ಮೂರು ತಿಂಗಳು ಕಳೆದರೂ ಸಕಾರಣವಿಲ್ಲದೆ ತೀರ್ಮಾನ ಕೊಡದಿದ್ದರೆ ಬರ್ಲಿನ್‌ನ ಆಡಳಿತಾತ್ಮಕ ನ್ಯಾಯಾಲಯದಲ್ಲಿ ದಾವೆ ಹೂಡಲು ಜರ್ಮನ್ ಕಾನೂನಿನಲ್ಲಿ ಅವಕಾಶವಿದೆ. ನಿಮಗೆ ಆ ಮೂರು ತಿಂಗಳು ತುಂಬುವುದು ಅಕ್ಟೋಬರ್ 14ಕ್ಕೆ. ವಕೀಲರ ಖರ್ಚು, ತಿಂಗಳುಗಟ್ಟಲೆ ಅವಧಿ ಎರಡನ್ನೂ ನೋಡಿದರೆ ಈ ಸೆಮಿಸ್ಟರ್ ಉಳಿಸಿಕೊಳ್ಳಲು ಅದು ಆಗುವ ಕೆಲಸವಲ್ಲ.

ಸಾಲ, ಬ್ಲಾಕ್ಡ್ ಅಕೌಂಟ್, ಬಾಡಿಗೆ ಮನೆ

ಏಪ್ರಿಲ್‌ನಲ್ಲಿ ಮಂಜೂರಾದ ಸಾಲ ಎಂದಿರಿ. ಮಂಜೂರಾತಿ ಪತ್ರಕ್ಕೆ ಒಂದು ಅವಧಿ ಇರುತ್ತದೆ, ಬಹಳಷ್ಟು ಬ್ಯಾಂಕುಗಳಲ್ಲಿ ಆರು ತಿಂಗಳು. ನಿಮ್ಮದು ಅಕ್ಟೋಬರ್‌ಗೆ ಮುಗಿಯಬಹುದು. ಮೊದಲ ಕಂತು ಬಿಡುಗಡೆಯಾಗಿದೆಯಲ್ಲ, ಇನ್ನೇನು ಎಂದು ಬಿಡಬೇಡಿ. ಉಳಿದ ಕಂತಿಗೆ ಷರತ್ತು ಏನಿದೆ ಎಂದು ಪತ್ರದಲ್ಲಿ ಓದಿ, ಶಾಖೆಯ ಮ್ಯಾನೇಜರಿಗೆ ಅವಧಿ ವಿಸ್ತರಣೆಗೆ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ವಿಶ್ವವಿದ್ಯಾಲಯದ ಹೊಸ ಗಡುವಿನ ಪತ್ರ ಬಂದರೆ ಅದರ ಪ್ರತಿ ಅಲ್ಲಿಗೂ ಬೇಕು. ಕೋರ್ಸ್ ಮುಂದೆ ಹೋದರೆ ಮರುಪಾವತಿ ಶುರುವಾಗುವ ದಿನವನ್ನೂ ಮುಂದೆ ಹಾಕಿಸಬೇಕು. ಇಲ್ಲದಿದ್ದರೆ ಮಗಳಿಗೆ ಕೆಲಸ ಸಿಗುವ ಮೊದಲೇ ಇಎಂಐ ಶುರುವಾಗುತ್ತದೆ. ತೋಟ ಬೇಡ ಅಂದದ್ದಕ್ಕೆ ಬ್ಯಾಂಕಿನವರನ್ನು ಬೈಯಬೇಡಿ. ಸಾಲ ವಸೂಲಿಯ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಅದಕ್ಕೇ ಅವರು ಮನೆ, ಸೈಟು ಕೇಳುವುದು.

ಬಡ್ಡಿಯ ಲೆಕ್ಕ ಕಣ್ಣಿಗೆ ಕಾಣುವಂತೆ ಇರಲಿ. ಯೂರೊಗೆ 100 ರೂಪಾಯಿ ಎಂದು ಹಿಡಿದರೆ 11,904 ಯೂರೊ ಎಂದರೆ ಸುಮಾರು 11.9 ಲಕ್ಷ. ಶೇ 10ರ ಬಡ್ಡಿಯಾದರೆ ತಿಂಗಳಿಗೆ ಹತ್ತಿರ ಹತ್ತಿರ 9,900 ರೂಪಾಯಿ. ಒಂದು ಸೆಮಿಸ್ಟರ್ ತಡವಾದರೆ ಅರವತ್ತು ಸಾವಿರದಷ್ಟು. ನೋವಿನ ಮೊತ್ತವೇ. ಆದರೂ ತೀರ್ಮಾನ ಬರುವ ತನಕ ಆ ಹಣ ಅಲ್ಲೇ ಇರಬೇಕು. ತಿಂಗಳಿಗೆ 992 ಯೂರೊ ಲೆಕ್ಕದಲ್ಲಿ ಒಂದು ವರ್ಷದ ಜೀವನ ವೆಚ್ಚ ಇದೆ ಎಂದು ತೋರಿಸುವ ದಾಖಲೆ ಅದೊಂದೇ. ಬಡ್ಡಿ ಉಳಿಸಲು ಹೋಗಿ ಖಾತೆ ಮುಚ್ಚಿಸಿದರೆ ಅರ್ಜಿಗೆ ನೀವೇ ಕೈಯಾರೆ ಮುಕ್ತಾಯ ಹಾಡಿದಂತೆ. ಆ ದೃಢೀಕರಣದಲ್ಲಿ ಪೂರ್ತಿ 11,904 ಜಮೆಯಾಗಿದೆ ಎಂದಿದೆಯೇ ಎಂದು ಇನ್ನೊಮ್ಮೆ ನೋಡಿ. ನಡುವಿನ ಬ್ಯಾಂಕುಗಳು ಕಮಿಷನ್ ಮುರಿದುಕೊಂಡು ಹದಿನೈದು ಇಪ್ಪತ್ತು ಯೂರೊ ಕಡಿಮೆ ಬಿದ್ದರೂ ಅದು ಅಪೂರ್ಣ ದಾಖಲೆಯೇ. ಮುಂದೆ ವೀಸಾ ತಿರಸ್ಕಾರವಾದರೆ ಆ ಪತ್ರವನ್ನು, ನೀವೇ ಅರ್ಜಿ ಹಿಂತೆಗೆದರೆ ಅದರ ದೃಢೀಕರಣವನ್ನು ತೋರಿಸಿ ಹಣ ವಾಪಸ್ ಪಡೆಯಬಹುದು.

ವಿದ್ಯಾರ್ಥಿ ನಿಲಯದ ಕೊಠಡಿ ಅಕ್ಟೋಬರ್ 1ರಿಂದ ಗೊತ್ತಾಗಿದ್ದರೆ, ಹೋಗದಿದ್ದರೂ ಬಾಡಿಗೆ ಕಟ್ಟಬೇಕಾಗುತ್ತದೆ. ನವೆಂಬರ್ 1ಕ್ಕೆ ಬದಲಿಸಿ ಎಂದು ಕೇಳಿ, ಆಗದಿದ್ದರೆ ಅವರ ಅನುಮತಿ ಪಡೆದು ಅಷ್ಟು ದಿನಕ್ಕೆ ಬೇರೆ ವಿದ್ಯಾರ್ಥಿಗೆ ಕೊಡುವ ಪದ್ಧತಿ ಇದೆ. ಖಾಸಗಿ ಮನೆಗೆ, ವಿಡಿಯೊದಲ್ಲಿ ಕೂಡ ನೋಡದೆ ಅಡ್ವಾನ್ಸ್ ಕಳಿಸಬೇಡಿ. ಅಲ್ಲಿ ಕಾನೂನಿನ ಪ್ರಕಾರ ಅಡ್ವಾನ್ಸ್ ಮೂರು ತಿಂಗಳ ಮೂಲ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, ನಮ್ಮ ಬೆಂಗಳೂರಿನಂತಲ್ಲ. ವಿಮಾನದ ಟಿಕೆಟ್ ವೀಸಾ ಕೈಗೆ ಬರುವ ತನಕ ಬೇಡವೇ ಬೇಡ. ಈಗಾಗಲೇ ಮಾಡಿಸಿದ್ದರೆ ರದ್ದತಿಗಿಂತ ದಿನ ಬದಲಾವಣೆಗೆ ಎಷ್ಟು ಎಂದು ಕೇಳಿ.

ಬೇರೆಯವರ ಮಕ್ಕಳ ವೀಸಾ

‘ಅವರ ಮಗನಿಗೆ ಇಂಗ್ಲೆಂಡಿನದು ಮೂರೇ ವಾರಕ್ಕೆ ಬಂತು’ ಎಂದು ಯಾರಾದರೂ ಹೇಳಿಯೇ ಇರುತ್ತಾರೆ. ಬ್ರಿಟನ್ನಿನ ಸಾಮಾನ್ಯ ಅವಧಿಯೇ ಮೂರು ವಾರ, ಹೆಚ್ಚು ಹಣ ಕೊಟ್ಟರೆ ಅಧಿಕೃತವಾಗಿಯೇ ಬೇಗ ತೀರ್ಮಾನ ಕೊಡುವ ಸೇವೆ ಅಲ್ಲಿ ಉಂಟು. ಅಲ್ಲಿನ ಕಾಟ ಬೇರೆ: ಖಾತೆಯಲ್ಲಿ ನಿಗದಿತ ಹಣ ಸತತ 28 ದಿನ ಇರಬೇಕು, ಒಂದೇ ಒಂದು ದಿನ ಕಡಿಮೆಯಾದರೂ ತಿರಸ್ಕಾರ. ಅಮೆರಿಕದಲ್ಲಿ ಸಂದರ್ಶನ ಮುಗಿದ ಮೇಲೆ 221(ಜಿ) ಚೀಟಿ ಕೊಟ್ಟರೆ ಹೆಚ್ಚಿನ ಪರಿಶೀಲನೆ ಬಾಕಿ ಎಂದರ್ಥ. ಆನ್‌ಲೈನಿನಲ್ಲಿ ‘ರೆಫ್ಯೂಸ್ಡ್’ ಎಂದು ತೋರಿಸಿದರೂ ಕಡತ ಮುಚ್ಚಿರುವುದಿಲ್ಲ. ಆಗ ವಿಶ್ವವಿದ್ಯಾಲಯದಿಂದ ಐ-20 ಪತ್ರದ (ವಿದ್ಯಾರ್ಥಿ ವೀಸಾಕ್ಕೆ ಅದು ಕೊಡುವ ಪ್ರವೇಶ ಪತ್ರ) ಆರಂಭ ದಿನವನ್ನು ಮುಂದೆ ಹಾಕಿಸಿಕೊಳ್ಳಬೇಕು. ಕೆನಡಾಕ್ಕೆ ಇಪ್ಪತ್ತು ದಿನದಲ್ಲಿ ಆಗುತ್ತಿದ್ದ ಎಸ್‌ಡಿಎಸ್ ಎಂಬ ವೇಗದ ವಿದ್ಯಾರ್ಥಿ ವೀಸಾ ಮಾರ್ಗ 2024ರ ನವೆಂಬರ್ 8ಕ್ಕೆ ಮುಚ್ಚಿದೆ, ಆ ಹಳೆಯ ಅನುಭವ ಈಗ ಯಾರಿಗೂ ಉಪಯೋಗವಿಲ್ಲ. ಜರ್ಮನಿಯ ವಿದ್ಯಾರ್ಥಿ ವೀಸಾಕ್ಕೆ ಹಣ ಕೊಟ್ಟು ಮುಂದೆ ಹೋಗುವ ಸಾಲು ಇಲ್ಲ.

ಮನೆಯಲ್ಲಿರುವ ಮಗಳು

ಊಟ ಹಾಕಿಸಿದ ಮೇಲೆ ಹೊರಡದೆ ಉಳಿದ ಮಗಳಿಗೆ ಬೀದಿಯ ಪ್ರಶ್ನೆಗಳು ಎಷ್ಟು ಚುಚ್ಚುತ್ತವೆ ಎನ್ನುವುದನ್ನು ಹಗುರವಾಗಿ ಕಾಣಬಾರದು. ಆ ಪ್ರಶ್ನೆಗಳನ್ನು ನೀವು, ನಿಮ್ಮ ಮನೆಯವರು ಎದುರಿಸಿ. ‘ಪೇಪರ್ ಕೆಲಸ ನಡೀತಿದೆ, ಆದಾಗ ಹೇಳ್ತೀವಿ’ ಎನ್ನುವ ಒಂದು ಸಾಲನ್ನು ಮನೆಯವರೆಲ್ಲ ಒಂದೇ ತರ ಹೇಳಿದರೆ ಎರಡನೇ ಸಲ ಕೇಳುವವರು ಕಡಿಮೆ. ತಾರೀಖು ಮಾತ್ರ ಯಾರಿಗೂ ಹೇಳಬೇಡಿ. ಈ ಸಂದಿನಲ್ಲಿ ಮದುವೆ ಮಾತು ತೆಗೆಯುವ ನೆಂಟರು ಇದ್ದೇ ಇರುತ್ತಾರೆ. ಅವರಿಗೆ ಉತ್ತರ ನೀವೇ ಕೊಡಿ, ಅವಳ ಎದುರಿಗೆ ಚರ್ಚೆ ಬೇಡ.

ದಿನಕ್ಕೆ ಐವತ್ತು ಸಲ ಸ್ಟೇಟಸ್ ನೋಡುವುದು, ಟೆಲಿಗ್ರಾಂ ಗುಂಪಿನಲ್ಲಿ ಯಾರಿಗೆ ಬಂತು ಎಂದು ಎಣಿಸುವುದು ನಿದ್ದೆ ಕೆಡಿಸುವ ಕೆಲಸ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮೇಲ್ ನೋಡಿದರೆ ಸಾಕು. ಉಳಿದ ಹೊತ್ತಿಗೆ ಎರಡು ಕೆಲಸ ನಿಜವಾಗಿ ಉಪಯೋಗಕ್ಕೆ ಬರುತ್ತವೆ. ಕೋರ್ಸ್ ಇಂಗ್ಲಿಷಿನಲ್ಲೇ ಇದ್ದರೂ ಬಾಡಿಗೆ ಮನೆ, ವೈದ್ಯರು, ಪಾರ್ಟ್‌ಟೈಮ್ ಕೆಲಸ ನಡೆಯುವುದು ಜರ್ಮನ್ ಭಾಷೆಯಲ್ಲಿ. ಭಾಷೆಯ ಮೊದಲ ಹಂತ ಎ1 ಆಗಿದ್ದರೆ ಮುಂದಿನ ಎ2 ಹಿಡಿಯಲಿ, ಆನ್‌ಲೈನ್ ತರಗತಿಗಳಿವೆ. ಇನ್ನೊಂದು, ಕೋರ್ಸಿನ ವಿಷಯಗಳ ಕೈಪಿಡಿ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಇರುತ್ತದೆ. ಮೊದಲ ಸೆಮಿಸ್ಟರಿನ ಗಣಿತ, ಫೈನೈಟ್ ಎಲಿಮೆಂಟ್‌ನಂಥ ಪತ್ರಿಕೆಗಳಿಗೆ ಏನು ಗೊತ್ತಿರಬೇಕು ಎಂದು ನೋಡಿ ಈಗಲೇ ಶುರು ಮಾಡಿದರೆ ತಡವಾಗಿ ಹೋದಾಗ ಅದೇ ಕೈಹಿಡಿಯುವುದು. ಹಳೆಯ ಕಂಪನಿ ವಾಪಸ್ ಕರೆದರೆ ಹೋಗಬಹುದು. ಬಾಂಡ್ ಅಥವಾ ಮೂರು ತಿಂಗಳ ನೋಟಿಸ್ ಇರುವ ಕೆಲಸಕ್ಕೆ ಮಾತ್ರ ಸಹಿ ಹಾಕದಿರಲಿ.

ತಿರಸ್ಕಾರ ಬಂದರೆ ಏನು ಎನ್ನುವುದನ್ನೂ ಹೇಳಿಬಿಡುತ್ತೇನೆ. ಹಿಂದೆ ಕಾನ್ಸುಲೇಟಿಗೇ ಮರುಪರಿಶೀಲನೆ ಕೋರಿ ಪುಕ್ಕಟೆ ಪತ್ರ ಬರೆಯುವ ಅವಕಾಶ ಇತ್ತು. 2025ರ ಜುಲೈ 1ರಿಂದ ಜರ್ಮನಿ ಅದನ್ನು ಎಲ್ಲ ದೇಶಗಳಲ್ಲೂ ನಿಲ್ಲಿಸಿದೆ. ಅದನ್ನು ಹೇಳಿಕೊಡುವ ಹಳೆಯ ವಿಡಿಯೊಗಳು ಇನ್ನೂ ಓಡಾಡುತ್ತಿವೆ, ನಂಬಬೇಡಿ. ಈಗ ಉಳಿದಿರುವುದು ಪತ್ರದಲ್ಲಿ ಹೇಳಿದ ಕಾರಣವನ್ನು ಸರಿಪಡಿಸಿ ಹೊಸ ಅರ್ಜಿ, ಇಲ್ಲವೇ ತಿಂಗಳೊಳಗೆ ಬರ್ಲಿನ್‌ನ ಕೋರ್ಟು. ಅದೇ ದಾಖಲೆಗಳನ್ನು ಅದೇ ಕ್ರಮದಲ್ಲಿ ಮತ್ತೆ ಕೊಟ್ಟರೆ ಅದೇ ಉತ್ತರ ಬರುತ್ತದೆ. ಓದಿನ ಉದ್ದೇಶ ಸ್ಪಷ್ಟವಿಲ್ಲ ಎಂದು ಬರೆದಿದ್ದರೆ, ಎರಡು ವರ್ಷ ಮಾಡಿದ ಕೆಲಸಕ್ಕೂ ಈ ಎಂಎಸ್ಸಿಗೂ ಇರುವ ಕೊಂಡಿಯನ್ನು ಅವಳೇ ತನ್ನ ಮಾತಿನಲ್ಲಿ ಬರೆಯಬೇಕು. ಕನ್ಸಲ್ಟೆನ್ಸಿಗಳ ಸಿದ್ಧ ಮಾದರಿಯ ಪತ್ರಗಳನ್ನು ಅಧಿಕಾರಿಗಳು ದಿನವೂ ಓದಿ ಗುರುತು ಹಿಡಿಯುತ್ತಾರೆ. ಎಪಿಎಸ್ ಮತ್ತೆ ಮಾಡಿಸಬೇಕಿಲ್ಲ, ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಮಾತ್ರ ಎರಡು ವರ್ಷದ ಮಿತಿ ಇದೆ.

ವೀಸಾ ಬಂದರೆ, ಟಿಕೆಟ್ ಮಾಡಿಸುವ ಮೊದಲು ಪಾಸ್‌ಪೋರ್ಟಿನ ಮೇಲಿನ ಸ್ಟಿಕ್ಕರನ್ನು ಬೆಳಕಿನಲ್ಲಿ ಹಿಡಿದು ಓದಿ: ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಯಾವ ದಿನದಿಂದ ಯಾವ ದಿನದ ತನಕ. ತಪ್ಪಿದ್ದರೆ ಇಲ್ಲೇ ತಿದ್ದಿಸಬೇಕು. ಪ್ರಯಾಣ ವಿಮೆ ಅಕ್ಟೋಬರ್ ಮೊದಲ ವಾರಕ್ಕೆ ಮಾಡಿಸಿದ್ದರೆ ಹೊಸ ದಿನಕ್ಕೆ ಬದಲಿಸಿಕೊಳ್ಳಿ. ಪದವಿ ಪ್ರಮಾಣಪತ್ರ, ಎಲ್ಲ ಸೆಮಿಸ್ಟರಿನ ಅಂಕಪಟ್ಟಿ, ಎಪಿಎಸ್ ಇವುಗಳ ಮೂಲ ಪ್ರತಿ ಕೈಚೀಲದಲ್ಲೇ ಇರಲಿ. ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ಊರಿನ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ವೀಸಾ ಅವಧಿ ಮುಗಿಯುವ ಮೊದಲೇ ವಾಸ ಪರವಾನಗಿಗೆ ಅರ್ಜಿ ಹಾಕಬೇಕು. ಆ ಕಚೇರಿಗಳಲ್ಲೂ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯುವುದುಂಟು. ಆದ್ದರಿಂದ ಇಳಿದ ವಾರವೇ ಎರಡಕ್ಕೂ ದಿನ ಗೊತ್ತು ಮಾಡಿಕೊಳ್ಳಲಿ.